ಗಾಯ ಕಾಣದ ನೋವು ಸುಳ್ಳೇ?

ನೋವೆಂದು ಬಂದ ರೋಗಿಯ ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿದ್ದರೆ ವೈದ್ಯರು ಏನು ಹೇಳಬೇಕು? 'ನಿಮಗೇನೂ ಆಗಿಲ್ಲ' ಎಂಬ ಮಾತನ್ನು ಅವರು ಸಮಾಧಾನಕ್ಕೆಂದೇ ಹೇಳಿರಬಹುದು. ಆದರೆ ತಿಂಗಳುಗಟ್ಟಲೆ ಬೆನ್ನು, ಕತ್ತು, ಹೊಟ್ಟೆಯ ನೋವಿನಲ್ಲಿ ನರಳಿದವರಿಗೆ ಅದು 'ನೀವು ಸುಳ್ಳು ಹೇಳುತ್ತಿದ್ದೀರಿ' ಎಂದೇ ಕೇಳಿಸುತ್ತದೆ. ಮನಸ್ಸಿನ ಆಘಾತಕ್ಕೂ ದೇಹದ ದೀರ್ಘಕಾಲದ ನೋವಿಗೂ ಇರುವ ನಂಟಿನ ಬಗ್ಗೆ ಇಂದು ಸಾಕಷ್ಟು ಪುಸ್ತಕಗಳು ಬರುತ್ತಿವೆ. ಅವುಗಳಲ್ಲಿ ಹಲವು, ನೋವನ್ನು ವ್ಯಕ್ತಿಯೊಬ್ಬನ ಖಾಸಗಿ ಸಂಗತಿಯೆಂದೇ ಭಾವಿಸುತ್ತವೆ. ಈ ನಂಟಿನಲ್ಲಿ ಸಮಾಜದ ಪಾಲೆಷ್ಟು, ವೈದ್ಯರ ಪಾಲೆಷ್ಟು ಎಂದು ಕೇಳುವ ಬರಹಗಳು ಕಡಿಮೆ. ಫ್ರಾಂಟ್ಜ್ ಫ್ಯಾನನ್ 1952ರಲ್ಲಿ ಬರೆದ 'ಉತ್ತರ ಆಫ್ರಿಕನ್ ಸಿಂಡ್ರೋಮ್' ಎಂಬ ಪುಟ್ಟ ಲೇಖನ ಆ ಪ್ರಶ್ನೆಯನ್ನು ಕೇಳಿತ್ತು. ಅದನ್ನು ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ಮತ್ತೆ ಓದಬೇಕಾಗಿದೆ.

ಫ್ಯಾನನ್ ಎಂದೊಡನೆ ನಮಗೆ ನೆನಪಾಗುವುದು ವಸಾಹತುಶಾಹಿಯ ವಿರುದ್ಧ ಗುಡುಗಿದ ಚಿಂತಕ. ವೃತ್ತಿಯಿಂದ ಅವರು ಮನೋವೈದ್ಯರು. 1925ರಲ್ಲಿ ಕೆರಿಬಿಯನ್ ದ್ವೀಪವಾದ ಮಾರ್ಟಿನಿಕ್‌ನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಿ, ಬಳಿಕ ಲಿಯೋನ್ ನಗರದಲ್ಲಿ ವೈದ್ಯಕೀಯ ಓದಿದವರು. ಅಲ್ಜೀರಿಯಾ ಮೊದಲಾದ ನಾಡುಗಳಿಂದ ಕೂಲಿ ಅರಸಿ ಬಂದ ಮುಸ್ಲಿಮ್ ಕಾರ್ಮಿಕರನ್ನು ಅವರು ಹತ್ತಿರದಿಂದ ಕಂಡದ್ದು ಅಲ್ಲಿಯೇ. 'ಎಸ್‌ಪ್ರಿ' ಪತ್ರಿಕೆಯಲ್ಲಿ ಈ ಲೇಖನ ಪ್ರಕಟವಾದಾಗ ಅವರಿಗೆ 26 ವರ್ಷ.

ಲೇಖನದ ಸನ್ನಿವೇಶ ಸರಳವಾದುದು. ಒಬ್ಬ ಕಾರ್ಮಿಕ ನೋವೆಂದು ವೈದ್ಯರ ಬಳಿ ಬರುತ್ತಾನೆ. ಎಲ್ಲಿ ಎಂದು ಕೇಳಿದರೆ ಹೊಟ್ಟೆ ಎನ್ನುತ್ತಾನೆ. ಕೈ ಮಾತ್ರ ಎದೆಯಿಂದ ಹೊಟ್ಟೆಯವರೆಗೂ ಓಡಾಡುತ್ತದೆ. ಬಿಡಿಸಿ ಹೇಳು ಎಂದರೆ ಅವನಿಂದಾಗುವುದಿಲ್ಲ. ವೈದ್ಯರು ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ. ಕೊಟ್ಟ ಔಷಧಿ ಹಿಡಿಸದೆ ಅವನು ಇನ್ನೊಬ್ಬ ವೈದ್ಯರ ಬಾಗಿಲು ತಟ್ಟುತ್ತಾನೆ. ಕೊನೆಗೆ ಅವನು ಸೋಮಾರಿ, ಸುಳ್ಳುಗಾರ, ಕೆಲಸ ತಪ್ಪಿಸಲು ನಾಟಕವಾಡುವವನು ಎಂಬ ತೀರ್ಮಾನವಾಗುತ್ತದೆ. ಆ ತೀರ್ಮಾನಕ್ಕೆ ವೈದ್ಯಶಾಸ್ತ್ರದ ಅಂಗಿ ತೊಡಿಸಿದರೆ ಅದೇ 'ಸಿಂಡ್ರೋಮ್'.

ಫ್ಯಾನನ್ ಇಲ್ಲಿ ಬಯಲು ಮಾಡುವುದು ಎರಡು ಸಂಗತಿಗಳನ್ನು. ಪ್ರತಿಯೊಂದು ರೋಗಲಕ್ಷಣದ ಹಿಂದೆಯೂ ದೇಹದಲ್ಲೊಂದು ಹಾನಿ ಇರಲೇಬೇಕೆಂದು ವೈದ್ಯರು ಕಲಿತಿರುತ್ತಾರೆ. ಆ ಸೂತ್ರ ಕೈಕೊಟ್ಟಾಗ ಅವರು ಸೂತ್ರವನ್ನು ಸಂದೇಹಿಸಲಿಲ್ಲ, ರೋಗಿಯನ್ನು ಸಂದೇಹಿಸಿದರು. ಎರಡನೆಯದಾಗಿ, ಆ ಸಂದೇಹ ಪರೀಕ್ಷೆಯ ನಂತರ ಹುಟ್ಟಿದ್ದಲ್ಲ. ಅರಬ್ಬನೆಂದರೆ ಹೀಗೆಯೇ ಎಂಬ ತೀರ್ಪು ಅವನು ಒಳಗೆ ಕಾಲಿಡುವ ಮೊದಲೇ ಸಿದ್ಧವಾಗಿತ್ತು. ಇದು ಕೆಲವು ಕೆಟ್ಟ ವೈದ್ಯರ ಕಥೆಯೂ ಅಲ್ಲ. ಅಲ್ಜಿಯರ್ಸ್‌ನಲ್ಲಿ ಆಂಟ್ವಾನ್ ಪೋರೋ ಎಂಬ ಮನೋವೈದ್ಯ 1918ರಲ್ಲಿಯೇ 'ಮುಸ್ಲಿಮ್ ಮನೋವೈದ್ಯಶಾಸ್ತ್ರ'ದ ಕುರಿತು ಟಿಪ್ಪಣಿಗಳನ್ನು ಪ್ರಕಟಿಸಿ, ಒಂದು ಇಡೀ ಜನಸಮೂಹದ ಮನಸ್ಸನ್ನೇ ಕೊರತೆಯುಳ್ಳದ್ದೆಂದು ಬಣ್ಣಿಸುವ ಪರಂಪರೆಗೆ ಅಡಿಪಾಯ ಹಾಕಿದ್ದರು.

ಹಾಗಾದರೆ ಆ ಕಾರ್ಮಿಕನ ನೋವು ಎಲ್ಲಿಯದು? ಫ್ಯಾನನ್ ಅವನ ದೇಹದಿಂದ ಕಣ್ಣು ತೆಗೆದು ಅವನ ಬದುಕಿನತ್ತ ನೋಡುತ್ತಾರೆ. ಅವನ ಸಂಬಂಧಗಳು ಯಾವುವು? ಕೆಲಸ ಎಂತಹದು? ಅವನ ಹೆಂಡತಿ ಮಕ್ಕಳೆಲ್ಲಿ? ಅವನಿಗೆ ಯಾವ ಭದ್ರತೆಯಿದೆ, ಯಾವ ಭಯವಿದೆ? ಪ್ರತಿ ಪ್ರಶ್ನೆಗೂ ಸಿಗುವುದು ಒಂದು ಇಲ್ಲದಿರುವಿಕೆ. ಹೀಗೆ ದಿನದಿನವೂ ಕುಗ್ಗಿಸಲ್ಪಟ್ಟ ಮನುಷ್ಯನಿಗೆ ಮೈಯೆಲ್ಲ ನೋಯುವುದು ಸಹಜವಲ್ಲವೇ ಎಂಬುದು ಲೇಖನದ ತಿರುಳು.

ಅಂದು ಇದು ಒಬ್ಬ ಯುವ ವೈದ್ಯರ ಒಳನೋಟವಾಗಿತ್ತು. ಆನಂತರ ವಿಜ್ಞಾನ ಬಹಳ ದೂರ ನಡೆದಿದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅವರು, ನೋವಿನ ಸಂದೇಶ ಬೆನ್ನುಹುರಿಯಲ್ಲಿ ಹೆಚ್ಚು ಕಡಿಮೆಯಾಗುತ್ತದೆ, ಮೆದುಳು ಮೇಲಿನಿಂದ ಅದನ್ನು ನಿಯಂತ್ರಿಸಬಲ್ಲದು ಎಂಬ ಸಿದ್ಧಾಂತವನ್ನು ಮುಂದಿಟ್ಟರು. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಅವರು, ಗಾಯದ ಬಳಿಕ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುವುದನ್ನು ತೋರಿಸಿದರು. ಅಂದರೆ ಕಳ್ಳ ಹೋದ ಮೇಲೂ ಮನೆಯ ಎಚ್ಚರಿಕೆ ಗಂಟೆ ಬಾರಿಸುತ್ತಲೇ ಇರಬಹುದು. ಭಯ, ನಿದ್ರೆಗೇಡು, ಸದಾ ಬಿಗಿದಿರುವ ಸ್ನಾಯುಗಳು ಆ ಗಂಟೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತವೆ. ಆಘಾತದ ನೆನಪು ನೋವನ್ನು ಕೆರಳಿಸುತ್ತದೆ, ನೋವು ಆಘಾತವನ್ನು ನೆನಪಿಸುತ್ತದೆ. ಎರಡೂ ಒಂದನ್ನೊಂದು ಸಾಕುತ್ತವೆ ಎಂದು ಶಾರ್ಪ್ ಮತ್ತು ಹಾರ್ವೆ ಎಂಬ ಸಂಶೋಧಕರು 2001ರಲ್ಲಿ ವಾದಿಸಿದರು.

ಸಮಾಜದ ಪಾಲಿಗೂ ಪುರಾವೆ ಸಿಕ್ಕಿದೆ. ಬ್ರಿಟನ್ನಿನಲ್ಲಿ 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದಿದೆ. ಅದನ್ನು ಆಧರಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡವರು, ಆಶ್ರಯಧಾಮಗಳಲ್ಲಿ ಬೆಳೆದವರು, ಹಣದ ಮುಗ್ಗಟ್ಟಿನ ಮನೆಗಳವರು 45ರ ವಯಸ್ಸಿನಲ್ಲಿ ಮೈಯೆಲ್ಲ ಹರಡಿದ ದೀರ್ಘ ನೋವಿಗೆ ತುತ್ತಾಗುವ ಸಾಧ್ಯತೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ, ಮೂರು ತಿಂಗಳಿಗೂ ಮೀರಿದ, ಬೇರೆ ಕಾಯಿಲೆಯಿಂದ ವಿವರಿಸಲಾಗದ ನೋವಿಗೂ ತನ್ನದೇ ಹೆಸರು, ಸ್ಥಾನ ದೊರೆಯಿತು. ಲಿಯೋನ್‌ನ ಆ ಕಾರ್ಮಿಕ ಸುಳ್ಳುಗಾರನಾಗಬೇಕಾಗಿರಲಿಲ್ಲ.

ಹಾಗೆಂದು ಫ್ಯಾನನ್ ಲೇಖನವನ್ನು ಕಣ್ಣುಮುಚ್ಚಿ ಹೊಗಳಲು ನಾವು ಸಿದ್ಧರಿಲ್ಲ. ಅದರ ದೊಡ್ಡ ಕೊರತೆಯೆಂದರೆ, ರೋಗಿಯ ಪರವಾಗಿ ವಾದಿಸುವ ಭರದಲ್ಲಿ ಅದು ರೋಗಿಗೆ ಮಾತಾಡಲು ಬಿಡುವುದಿಲ್ಲ. ಅವನ ನಾಲ್ಕು ತೊದಲು ಮಾತುಗಳ ಆಚೆ ಅವನು ಯಾರೆಂಬುದು ನಮಗೆ ತಿಳಿಯದು. ಅವನ ಬದುಕನ್ನು ಬರೀ ಇಲ್ಲಗಳ ಪಟ್ಟಿಯಾಗಿಸಿದಾಗ, ಊರಿಗೆ ಹಣ ಕಳುಹಿಸುವ ಅವನ ಹೊಣೆಗಾರಿಕೆ, ಒಂದೇ ಕೋಣೆಯಲ್ಲಿ ಉಂಡು ಮಲಗುವ ಗೆಳೆಯರ ಒಡನಾಟ, ಅವನ ನಮಾಝ್, ಅವನ ನಗು ಎಲ್ಲವೂ ಮರೆಯಾಗುತ್ತವೆ. ತಿರಸ್ಕಾರದ ಜಾಗದಲ್ಲಿ ಕರುಣೆ ಬಂದರೂ ಮನುಷ್ಯ ಪೂರ್ತಿಯಾಗಿ ಕಾಣಿಸುವುದಿಲ್ಲ. ಇನ್ನು ನೋವುಂಡ ಹೆಣ್ಣಿಗಂತೂ ಈ ಲೇಖನದಲ್ಲಿ ಜಾಗವೇ ಇಲ್ಲ.

ಆದರೆ ಫ್ಯಾನನ್ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಅವರ ದೊಡ್ಡತನ. 1953ರಲ್ಲಿ ಅಲ್ಜೀರಿಯಾದ ಬ್ಲಿದಾ ಮಾನಸಿಕ ಆಸ್ಪತ್ರೆಗೆ ಹೋದ ಅವರು, ಯುರೋಪಿಯನ್ ಮಹಿಳೆಯರಲ್ಲಿ ಫಲಿಸಿದ ಸಾಮೂಹಿಕ ಚಿಕಿತ್ಸೆಯನ್ನು ಮುಸ್ಲಿಮ್ ಪುರುಷರ ವಾರ್ಡಿನಲ್ಲೂ ಹೇರಿದರು. ಅದು ಸೋತಿತು. ಜಾಕ್ ಅಝುಲೇ ಜೊತೆಗೂಡಿ 1954ರಲ್ಲಿ ಬರೆದ ಪ್ರಬಂಧದಲ್ಲಿ ಆ ಸೋಲಿಗೆ ಅವರು ರೋಗಿಗಳನ್ನು ದೂರಲಿಲ್ಲ. ಅವರ ಭಾಷೆ, ಧರ್ಮ, ಬದುಕಿನ ರೀತಿಯನ್ನು ಅರಿಯದೆ ಹೊರಟ ತಮ್ಮ ವಿಧಾನವನ್ನೇ ದೂರಿದರು. ಬಳಿಕ ಆಸ್ಪತ್ರೆಯೊಳಗೆ ಅಲ್ಲಿನ ಮಾದರಿಯ ಕಾಫಿಕಟ್ಟೆ ಬಂತು, ಮುಸ್ಲಿಮ್ ಹಬ್ಬಗಳ ಆಚರಣೆ ಬಂತು, ಕಥೆ ಹೇಳುವವರು ಬಂದರು. ರೋಗಿಯನ್ನು ಅವನ ಲೋಕದೊಳಗಿಟ್ಟು ನೋಡುವುದೂ ಚಿಕಿತ್ಸೆಯ ಭಾಗವೇ ಎಂಬ ಪಾಠವಿದು.

1961ರಲ್ಲಿ, ಸಾವಿಗೆ ಸ್ವಲ್ಪ ಮೊದಲು ಹೊರಬಂದ ಅವರ ಕೊನೆಯ ಕೃತಿಯಲ್ಲಿ ಯುದ್ಧಕಾಲದ ರೋಗಿಗಳ ವಿವರಗಳಿವೆ. ಹೊಟ್ಟೆಯ ಹುಣ್ಣು, ಮುಟ್ಟಿನ ತೊಂದರೆ, ಮೆಟ್ಟಿಲು ಹತ್ತಲೂ ಬಿಡದ ಸ್ನಾಯುಗಳ ಬಿಗಿತವನ್ನು ಅವರು ಅಲ್ಲಿ ದಾಖಲಿಸುತ್ತಾರೆ. ಮೊದಲ ಲೇಖನದಲ್ಲಿ ಕಾಣದ ಹೆಣ್ಣಿನ ದೇಹ ಇಲ್ಲಿ ಕಾಣಿಸುತ್ತದೆ. ಆದರೂ ಒಂದು ಎಚ್ಚರಿಕೆ ಬೇಕು. ಹುಣ್ಣನ್ನು ಆ ಕಾಲದ ವೈದ್ಯರು ಮನಸ್ಸಿನ ಒತ್ತಡದ ಖಾತೆಗೆ ಹಾಕುತ್ತಿದ್ದರು. 1980ರ ದಶಕದಲ್ಲಿ ಅದರ ಹಿಂದೆ ಹೆಚ್ಚಾಗಿ ಒಂದು ಬ್ಯಾಕ್ಟೀರಿಯಾ ಇರುವುದು ಗೊತ್ತಾಯಿತು. 'ಎಲ್ಲವೂ ಮನಸ್ಸಿನಿಂದ' ಎಂಬುದೂ 'ಏನೂ ಆಗಿಲ್ಲ' ಎಂಬಷ್ಟೇ ಅವಸರದ ತೀರ್ಪಾಗಬಹುದು. ದೇಹವನ್ನು ಸರಿಯಾಗಿ ಪರೀಕ್ಷಿಸಿಸಿಕೊಳ್ಳುವುದು ಆಘಾತ ಉಂಡವರ ಹಕ್ಕೂ ಹೌದು.

ಇಂದಿನ ಚಿಕಿತ್ಸೆಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಅಮೆರಿಕದ ಕೊಲೊರಾಡೊದಲ್ಲಿ ದೀರ್ಘ ಬೆನ್ನುನೋವಿನ 151 ಮಂದಿಯ ಮೇಲೆ ಒಂದು ಪ್ರಯೋಗ ನಡೆಯಿತು. ನೋವನ್ನು ಅಪಾಯವೆಂದು ಭಾವಿಸದಂತೆ ಮನಸ್ಸಿಗೆ ಕಲಿಸುವ ಚಿಕಿತ್ಸೆ ಪಡೆದ 50 ಮಂದಿಯಲ್ಲಿ 33 ಜನ ನಾಲ್ಕು ವಾರಗಳ ಬಳಿಕ ಬಹುಮಟ್ಟಿಗೆ ನೋವುಮುಕ್ತರಾದರು ಎಂದು 2022ರ ವರದಿ ಹೇಳುತ್ತದೆ. ಆಶಾದಾಯಕ ಫಲಿತಾಂಶವೇ. ಆದರೆ ಭಾಗವಹಿಸಿದವರು ಹೆಚ್ಚಾಗಿ ವಿದ್ಯಾವಂತರು, ಚಟುವಟಿಕೆಯಿಂದಿದ್ದವರು. 'ಈಗ ಅಪಾಯವಿಲ್ಲ' ಎಂದು ಅವರಿಗೆ ಕಲಿಸಬಹುದು. ಅಪಾಯ ಇನ್ನೂ ಮನೆಬಾಗಿಲಲ್ಲೇ ನಿಂತಿರುವವರಿಗೆ, ನಾಳೆ ಕೆಲಸವಿದೆಯೋ ಇಲ್ಲವೋ ತಿಳಿಯದವರಿಗೆ, ಹೊಡೆಯುವ ಗಂಡನೊಂದಿಗೆ ಬಾಳುವವರಿಗೆ ಏನೆಂದು ಕಲಿಸುವುದು? ಫ್ಯಾನನ್ ಎತ್ತಿದ ಪ್ರಶ್ನೆ ಇಲ್ಲಿ ಇನ್ನೂ ಉಸಿರಾಡುತ್ತಿದೆ.

ಸಂದೇಹದ ರೋಗವೂ ವಾಸಿಯಾಗಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 222 ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಜನ ಕಪ್ಪು ಜನರ ದೇಹದ ಬಗ್ಗೆ ಒಂದಾದರೂ ಸುಳ್ಳು ನಂಬಿಕೆ ಇಟ್ಟುಕೊಂಡಿದ್ದರು. ಅವರ ಚರ್ಮ ದಪ್ಪ ಎಂಬುದು ಅವುಗಳಲ್ಲೊಂದು. ಅಂತಹ ನಂಬಿಕೆಯುಳ್ಳವರು ಕಪ್ಪು ರೋಗಿಯ ನೋವನ್ನು ಕಡಿಮೆಯೆಂದೇ ಅಳೆದರು.

ನಮ್ಮ ಭಾಷೆಯಲ್ಲಿ ಹೊಟ್ಟೆ ಉರಿಯುತ್ತದೆ, ಎದೆ ಭಾರವಾಗುತ್ತದೆ, ಕರುಳು ಕಿತ್ತು ಬರುತ್ತದೆ. ಮನಸ್ಸು ಮತ್ತು ದೇಹವನ್ನು ಕನ್ನಡ ಎಂದೂ ಪೂರ್ತಿ ಬೇರೆ ಮಾಡಿಲ್ಲ. 'ಮೈಯೆಲ್ಲ ನೋವು' ಎಂದು ಯಾರಾದರೂ ಹೇಳಿದಾಗ ಎಲ್ಲಿ ಎಂದು ಕೇಳುವುದು ಅಗತ್ಯ. ಅದರ ಜೊತೆಗೆ ಮನೆಯಲ್ಲಿ ಯಾರಿದ್ದಾರೆ, ರಾತ್ರಿ ನಿದ್ರೆ ಬರುತ್ತದೆಯೇ, ಯಾರ ಭಯವಿದೆ ಎಂದೂ ಕೇಳಬೇಕು. ಆ ಉತ್ತರಗಳನ್ನು ನಂಬಿ ಕೇಳಿಸಿಕೊಳ್ಳಬೇಕು. ಅಪನಂಬಿಕೆ ಔಷಧಿಯ ದಾರಿಯನ್ನೇ ಮುಚ್ಚುತ್ತದೆ ಎಂಬುದನ್ನು ಎಪ್ಪತ್ತು ವರ್ಷಗಳ ಹಿಂದೆ ಒಬ್ಬ ಯುವ ವೈದ್ಯರು ಕಂಡುಕೊಂಡಿದ್ದರು.