ಮಾಯದ ಕೋಲು ಯಾರ ಕೈಯಾಗ?

ಕೊಳಾರದ ಹುಡುಗರಿಗೆ ಹ್ಯಾರಿ ಪಾಟರ್ ಗೊತ್ತು. ಪುಸ್ತಕದಿಂದಲ್ಲ, ಹಿಂದಿಗೆ ಡಬ್ ಆದ ಸಿನಿಮಾದಿಂದ. ಸಂಜೆ ಕೈಗಾರಿಕಾ ಪ್ರದೇಶದ ವಾಸನೆ ಊರೊಳಗೆ ಇಳಿಯುವ ಹೊತ್ತಿಗೆ ನಾವು ಕೆಲವರು ಅಲ್ಲಿ ಮಕ್ಕಳನ್ನು ಕೂಡಿಸಿ ಕತೆ ಓದುತ್ತೇವೆ. ಒಂದು ದಿನ ಏಳನೇ ಇಯತ್ತೆಯ ಹುಡುಗಿ ಕೇಳಿದಳು: "ಸರ್, ಆ ಹುಡುಗ ಮಾಟ ಮಾಡ್ತಾನ, ಅವನಿಗಿ ದೊಡ್ಡ ಸಾಲಿಗಿ ಕರ್ಕೊಂಡು ಹೋಗ್ತಾರ. ನಮ್ಮವ್ವನ ತವರಾಗ ಒಬ್ಬಾಕಿ ಮುದುಕಿ ಮಾಟ ಮಾಡ್ತಾಳಂತ ಹೊಡಿಲಾಕ ಹೋಗಿದ್ರು. ಹಿಂಗ್ಯಾಕ್ರಿ?"

ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಬೀದರ್, ಕಲಬುರಗಿ ಕಡೆಯವರಿಗೆ ಬಾನಾಮತಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೂಸಿಗೆ ಜ್ವರ ಬಂದರೆ, ಎಮ್ಮೆ ಹಾಲು ಬಿಟ್ಟರೆ, ಸೊಸೆ ಮೈಮೇಲೆ ಬಂದಂತೆ ಕೂಗಿದರೆ ಬೆರಳು ತೋರಿಸಲು ಒಬ್ಬರು ಬೇಕು. ಆ ಬೆರಳು ಗೌಡನ ವಾಡೆಯ ಕಡೆ ತಿರುಗುವುದಿಲ್ಲ, ಗಂಡ ಸತ್ತವಳ, ಒಂಟಿ ಮುದುಕಿಯ, ಕೇರಿಯವಳ ಗುಡಿಸಲ ಕಡೆಗೇ ತಿರುಗುತ್ತದೆ. ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ದಾಭೋಲ್ಕರ್ ಅವರನ್ನು 2013ರಲ್ಲಿ, ಕಲಬುರ್ಗಿಯವರನ್ನು 2015ರಲ್ಲಿ ಗುಂಡಿಟ್ಟು ಕೊಂದರು. ಕರ್ನಾಟಕದ ವಿಧಾನಮಂಡಲ ವಾಮಾಚಾರ ತಡೆಯುವ ಮಸೂದೆಯನ್ನು ಒಪ್ಪಿದ್ದು 2017ರಲ್ಲಿ. ಇಷ್ಟು ರಕ್ತ ಹರಿದಿರುವ ನೆಲದಲ್ಲಿ ಮಾಟದ ಕತೆಯನ್ನು ಬರೀ ಆಟಿಕೆಯಂತೆ ಓದಲು ನಮಗೆ ಆಗುವುದಿಲ್ಲ.

ಇನ್ನು ಆ ಲೇಖಕಿಯ ಮಾತು. ಜೆ.ಕೆ. ರೌಲಿಂಗ್ ಅವರ ಏಳು ಪುಸ್ತಕಗಳು 1997ರಿಂದ 2007ರವರೆಗೆ ಬಂದವು. 2020ರ ಜೂನ್ ತಿಂಗಳಲ್ಲಿ ಅವರು ಲಿಂಗ ಬದಲಿಸಿಕೊಂಡವರ ಹಕ್ಕಿನ ವಿರುದ್ಧ ಉದ್ದನೆಯ ಲೇಖನ ಬರೆದರು, ಆಮೇಲೂ ನಿಲ್ಲಿಸಲಿಲ್ಲ. ಸಿನಿಮಾದಲ್ಲಿ ಹ್ಯಾರಿಯಾದ ಡೇನಿಯಲ್ ರ‍್ಯಾಡ್‌ಕ್ಲಿಫ್ ಅದೇ ತಿಂಗಳು ಬಹಿರಂಗವಾಗಿ ಎದುರು ಮಾತಾಡಿದ. ಅಂದಿನಿಂದ ಎಷ್ಟೋ ಓದುಗರು ಆ ಪುಸ್ತಕ ಬಿಟ್ಟು ಬೇರೆ ಕತೆ ಹುಡುಕಲತ್ತಾರ. ಜೋಗತಿ ಮಂಜಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ, ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಲ್ಲಿ ಶೇಕಡಾ 1 ಮೀಸಲಾತಿ ಕೊಟ್ಟ ನಾಡಿನವರು ನಾವು. ಆ ಲೇಖಕಿಯ ಮಾತು ನಮಗೆ ಒಪ್ಪಿಗೆ ಇಲ್ಲ.

ಹಾಗಂತ ಪುಸ್ತಕ ಸುಡಿ ಅನ್ನುವವರೂ ನಾವಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಕಲ್ಲು ಹೊಡೆದವರು ಬೇರೆ. ನಮ್ಮ ಹಿರಿಯರು ಬೂಸಾದ ಬದಲು ಕಾಳು ಬೆಳೆಯಲು ಕುಳಿತರು. ಕೆಲಸ ಈಗಲೂ ಅದೇ.

ಲೇಖಕಿಯ ಮಾತಿಗಿಂತ ಮೊದಲು ಪುಸ್ತಕವನ್ನೇ ನೋಡೋಣ. ರಕ್ತಶುದ್ಧಿಯ ಹುಚ್ಚನ್ನು ಆಕೆ ಖಳನ ಬಾಯಲ್ಲಿಟ್ಟಿದ್ದಾಳೆ, ಮಾಟ ಗೊತ್ತಿಲ್ಲದ ತಂದೆತಾಯಿಯ ಮಗಳು ಹರ್ಮಾಯಿನಿಯೇ ಶಾಲೆಯಲ್ಲಿ ಜಾಣೆ. ಇದು ಖರೇ, ಮೆಚ್ಚಬೇಕು. ಆದರೆ ಅದೇ ಶಾಲೆಯ ಅಡಿಗೆಮನೆಯಲ್ಲಿ ಸಂಬಳವಿಲ್ಲದೆ ದುಡಿಯುವ ಮನೆಗುಲಾಮರಿದ್ದಾರೆ. ಅವರಿಗೆ ಗುಲಾಮಗಿರಿಯೇ ಇಷ್ಟವಂತೆ! ಬಿಡುಗಡೆಯಾದ ಒಬ್ಬಳು ಅಳುತ್ತಾ ಕೂರುತ್ತಾಳೆ. ಹರ್ಮಾಯಿನಿ ಅವರಿಗಾಗಿ ಸಂಘ ಕಟ್ಟಿದರೆ ಗೆಳೆಯರು ನಗುತ್ತಾರೆ, ಕತೆಯೂ ಅವರ ಜೊತೆ ನಗುತ್ತದೆ. ಡಾಬಿ ಎಂಬ ಒಬ್ಬನಿಗೆ ಕಾಲುಚೀಲ ಕೊಟ್ಟು ಬಿಡುಗಡೆ ಮಾಡಿದ್ದು ಸಾಕಾಯಿತು. ಜೀತಗಾರನಿಗೆ ಧಣಿಯ ಮನೆಯೇ ಸುಖ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ? ಟೋಪಿ ಹಾಕಿದ ಕೂಡಲೇ ಮಗು ಯಾವ ಮನೆಗೆ ಸೇರಿದ್ದೆಂದು ತೀರ್ಪಾಗುವುದನ್ನು ನೋಡಿ ನಮ್ಮ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಮಗೆ ಮಾತ್ರ ಹಾಜರಿ ಪುಸ್ತಕದ ಜಾತಿ ಕಲಮು ನೆನಪಾಗುತ್ತದೆ.

ಬದಲಿಗೆ ಏನು? ಹುಡುಗಿಯ ಪ್ರಶ್ನೆಗೆ ನೇರ ಉತ್ತರ ನಮಗೆ ಸಿಕ್ಕಿದ್ದು ಟೆರಿ ಪ್ರಾಚೆಟ್ 2003ರಲ್ಲಿ ಬರೆದ ಟಿಫನಿ ಏಕಿಂಗ್ ಕತೆಯಲ್ಲಿ. ಒಂಬತ್ತು ವರ್ಷದ ಕುರಿಗಾರರ ಹುಡುಗಿ. ಅವರ ಊರಲ್ಲಿ ಧಣಿಯ ಮಗ ಕಾಣೆಯಾಗುತ್ತಾನೆ. ಹಲ್ಲಿಲ್ಲದ ಒಬ್ಬ ಮುದುಕಿಯೇ ಮಾಟಗಾತಿ, ಅವಳೇ ಅವನನ್ನು ಬೇಯಿಸಿರಬೇಕು ಅಂತ ಊರವರು ಗುಡಿಸಲು ಕೆಡವುತ್ತಾರೆ. ಮುದುಕಿ ಚಳಿಯಲ್ಲಿ ಸಾಯುತ್ತಾಳೆ. ಟಿಫನಿ ಮಾಡುವುದೇನು ಗೊತ್ತೇ? ಹೋಗಿ ಮುದುಕಿಯ ಒಲೆ ಅಳೆಯುತ್ತಾಳೆ. ಒಬ್ಬ ಹುಡುಗ ಹಿಡಿಸುವಷ್ಟು ಅದು ದೊಡ್ಡದೇ ಇಲ್ಲ! ಇಂಥದು ಮತ್ತೆ ನಡೆಯಬಾರದು ಅಂತಲೇ ಅವಳು ತಾನು ಮಾಟಗಾತಿಯಾಗುತ್ತೇನೆ ಎನ್ನುತ್ತಾಳೆ. ಅಳತೆಪಟ್ಟಿಯೇ ಮಂತ್ರದಂಡ. ಮಾಸ್ತರರೇ, ವಿಜ್ಞಾನದ ಪಾಠ ಇದಕ್ಕಿಂತ ಬೇರೆ ಬೇಕೇ?

ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಭೂಸಮುದ್ರದ ಕತೆಯಲ್ಲಿ ಮಾಟದ ಶಾಲೆಯಿದೆ, ರೌಲಿಂಗ್‌ಗಿಂತ ಸುಮಾರು ಮೂವತ್ತು ವರ್ಷ ಮೊದಲೇ. ನಾಯಕ ಗೆಡ್ ಕಂಚುಗಾರನ ಮಗ, ಮೇಕೆ ಕಾಯ್ದವನು, ಮೈಬಣ್ಣ ಕೆಂಗಂದು. ಅವನ ಶತ್ರು ಹೊರಗಿಲ್ಲ, ಸೊಕ್ಕಿನಿಂದ ತಾನೇ ಬಿಟ್ಟ ನೆರಳು. ಆದರೆ ಆ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. 1990ರಲ್ಲಿ ಲೇಖಕಿ ತನ್ನದೇ ಲೋಕಕ್ಕೆ ಮರಳಿ, ಸುಟ್ಟ ಮುಖದ ಒಂದು ಹೆಣ್ಣುಮಗುವನ್ನು ನಡುವೆ ಕೂಡಿಸಿ ಆ ಕಟ್ಟಳೆಯನ್ನು ಪ್ರಶ್ನಿಸಿದಳು. ಬರೆದದ್ದನ್ನು ತಿರುಗಿ ನೋಡುವ ಧೈರ್ಯ ನಮಗೆ ದೊಡ್ಡದಾಗಿ ಕಂಡಿತು. ನೈಜೀರಿಯಾ ಮೂಲದ ನ್ನೆಡಿ ಒಕೊರಫೋರ್ 2011ರಲ್ಲಿ ಸನ್ನಿ ಎಂಬ ಬಿಳಿಚರ್ಮದ ರೋಗವಿರುವ ಕರಿಯರ ಹುಡುಗಿಯ ಕತೆ ಬರೆದರು. ಅಲ್ಲಿನ ಮಾಟದ ಲೋಕದಲ್ಲಿ ಹೊಸದೊಂದನ್ನು ಕಲಿತರೆ ಆಕಾಶದಿಂದ ನಾಣ್ಯ ಬೀಳುತ್ತದೆ. ಇದನ್ನು ಕೇಳಿ ನಮ್ಮ ಹುಡುಗರು ಮೇಲೆ ನೋಡಿದ್ದೇ ನೋಡಿದ್ದು.

ಆದರೆ ಪರದೇಶದ ಬುಟ್ಟಿಯನ್ನೇ ಎಷ್ಟು ದಿನ ಹೊರೋಣ? ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ್ದೇ ಕತೆಯಿದೆ, ಹೂವಿನ ಮರವಾಗುವ ಹುಡುಗಿಯದು. ಇಂಗ್ಲಿಷಿನಲ್ಲಿ ಅದರ ಹೆಸರನ್ನೇ ಹೊತ್ತ ಸಂಕಲನ ಬಂದದ್ದು 1997ರಲ್ಲಿ, ಹ್ಯಾರಿ ಹುಟ್ಟಿದ ವರ್ಷವೇ. ಕೂಲಿ ಮಾಡಿ ಸೊರಗಿದ ತಾಯಿಗಾಗಿ ಕಿರಿಮಗಳು ಒಂದು ಕೊಡ ನೀರಿಗೆ ಮರವಾಗುತ್ತಾಳೆ, ಇನ್ನೊಂದು ಕೊಡಕ್ಕೆ ಮನುಷ್ಯಳಾಗುತ್ತಾಳೆ. ಅಕ್ಕ ಒಂದು ತೊಟ್ಟೂ ಮುರಿಯದೆ ಹೂ ಬಿಡಿಸಿ ಮಾರುತ್ತಾಳೆ. ಅರಮನೆ ಸೇರಿದ ಮೇಲೆ ನಾದಿನಿಯ ಗೆಳತಿಯರು ಕೊಂಬೆ ಮುರಿಯುತ್ತಾರೆ, ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಮಾಟ ಇಲ್ಲಿ ದುಡಿಮೆ, ಆ ದುಡಿಮೆಯನ್ನು ಮುರಿಯುವವರು ಉಳ್ಳವರು. ಕೊನೆಗೆ ಗಂಡನೇ ಬಂದು ಸರಿಮಾಡುವುದು ನಮಗೆ ಹಿಡಿಸದು. ಆ ಭಾಗವನ್ನು ಮಕ್ಕಳೇ ತಿದ್ದಲಿ.

ಮತ್ತೆ ಸಿದ್ದಪ್ಪಾಜಿ. ಚಾಮರಾಜನಗರ, ಮಂಡ್ಯದ ಕಡೆ ನೀಲಗಾರರು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಆತ ಮೊದಲು ಕೆಂಪಾಚಾರಿ, ಗೆಡ್‌ನಂತೆ ಲೋಹ ಬಡಿಯುವವರ ಮಗ. ಗುರು ಮಂಟೇಸ್ವಾಮಿ ಹೊಲಸು ಮೈಯಲ್ಲಿ ಕಲ್ಯಾಣಕ್ಕೆ ಬಂದು ಶರಣರನ್ನೇ ಪರೀಕ್ಷೆಗೆ ಒಡ್ಡಿದವನು. ಆ ಕಲ್ಯಾಣ ನಮ್ಮ ಜಿಲ್ಲೆಯ ಬಸವಕಲ್ಯಾಣವೇ! ಶಿಷ್ಯನನ್ನು ಆತ ಪಳಗಿಸುವ ಕ್ರೌರ್ಯ ಓದುವಾಗ ಮೈ ಜುಮ್ಮೆನ್ನುತ್ತದೆ, ಅದನ್ನು ಮುಚ್ಚಿಡಬಾರದು. ಹುಡುಗ ಹಲಗೂರಿಗೆ ಕಬ್ಬಿಣ ಬೇಡಲು ಹೋದಾಗ ತನ್ನ ಕುಲದ ಪಾಂಚಾಳರೇ ವಿಷ ಕೊಡುತ್ತಾರೆ. ಅದನ್ನು ಅರಗಿಸಿಕೊಂಡು ಕಬ್ಬಿಣದೊಂದಿಗೆ ಹೊರಡುತ್ತಾನೆ.

ಟಿಫನಿ ಒಲೆ ಅಳೆದ ಭಾಗ ಮುಗಿದ ದಿನ ಆ ಹುಡುಗಿ ಮತ್ತೇನೂ ಕೇಳಲಿಲ್ಲ. ಆ ಮುದುಕಿ ಈಗ ಎಲ್ಲಿದ್ದಾಳೆ ಅಂತ ನಾವೇ ಕೇಳಿದೆವು. "ಊರು ಬಿಟ್ಟಾಳ್ರಿ" ಅಂದಳು. ಬರುವ ವಾರ ಸಿದ್ದಪ್ಪಾಜಿ ಕತೆ. ಹಲಗೂರು ಎಲ್ಲದ ಅಂತ ಹುಡುಗರು ಈಗಲೇ ಕೇಳಲತ್ತಾರ. ನಕಾಶೆ ಒಂದು ತರಬೇಕು.