ಅರವತ್ತು ಮಂದಿಯ ಲೆಕ್ಕ

ಪತ್ತೇದಾರಿ ಕಥೆಯನ್ನು ಓದುವವನಿಗೆ ಹೆಣದ ಮೇಲೆ ಕರುಣೆ ಹುಟ್ಟುವುದು ಅಪರೂಪ. ಕೊಂದವನು ಯಾರು ಎಂಬುದೇ ಅವನ ಕುತೂಹಲ. ಸತ್ತವನು ಯಾರು ಎಂಬುದು ಮೊದಲನೆಯ ಅಧ್ಯಾಯದಲ್ಲಿಯೇ ಮುಗಿದುಹೋದ ಮಾತು. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಬಾಡಿಗೆಗೆ ತಂದು, ದೀಪ ಆರಿಸುವ ಹೊತ್ತು ಮೀರಿದರೂ ಬಿಡದೆ ಓದಿದ ನಮ್ಮವರಿಗೆ ಪತ್ತೇದಾರ ಪುರುಷೋತ್ತಮನ ಹೆಸರು ಇಂದಿಗೂ ನೆನಪಿದೆ. ಆ ಬಗೆಯ ಕಥೆಗಳಲ್ಲಿ ಸತ್ತವರ ಹೆಸರು ಹೇಳಿ ಎಂದರೆ ತಡವರಿಸುತ್ತೇವೆ. ಇದು ಬರೆದವರ ದೋಷವಲ್ಲ, ಆ ಪ್ರಕಾರದ ಸ್ವಭಾವ. ಈ ಸ್ವಭಾವವನ್ನೇ ತಲೆಕೆಳಗು ಮಾಡಿದ ಕೃತಿಯೊಂದನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಅದು ಪುಸ್ತಕವಲ್ಲ, ಚಲಚ್ಚಿತ್ರವೂ ಅಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಆಡುವ ಆಟ. ಆಟವೆಂದೊಡನೆ ಪುಟ ಮಗುಚುವ ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಕೋರುತ್ತೇನೆ.

‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಎಂಬ ಈ ಆಟ ಹೊರಬಂದದ್ದು 2018ರ ಅಕ್ಟೋಬರಿನಲ್ಲಿ. ಕರ್ತೃ ಜಪಾನಿನಲ್ಲಿ ನೆಲಸಿದ ಅಮೆರಿಕನ್ನರು, ಲೂಕಸ್ ಪೋಪ್. ಗಡಿಠಾಣೆಯ ಗುಮಾಸ್ತನೊಬ್ಬನ ಧರ್ಮಸಂಕಟವನ್ನು ವಸ್ತುವಾಗಿ ಮಾಡಿಕೊಂಡ ‘ಪೇಪರ್ಸ್, ಪ್ಲೀಸ್’ ಎಂಬ ಆಟದಿಂದ ಅವರು 2013ರಲ್ಲಿಯೇ ಹೆಸರಾಗಿದ್ದರು. ಇಲ್ಲಿ ಕಥೆ, ಚಿತ್ರ, ಸಂಗೀತ ಎಲ್ಲವೂ ಬಹುಮಟ್ಟಿಗೆ ಅವರೊಬ್ಬರದೇ ಕೈಕೆಲಸ. ನೂರಾರು ಜನ ಸೇರಿ ಆಟಗಳನ್ನು ಕಟ್ಟುವ ಈ ಕಾಲದಲ್ಲಿ ಇದು ಗಮನಿಸತಕ್ಕ ಸಂಗತಿ. ಏಕೆಂದರೆ ಒಂದೇ ಮನಸ್ಸಿನ ಬಿಗಿ ಇದರ ಮೊದಲಿನಿಂದ ಕೊನೆಯವರೆಗೂ ಎದ್ದು ಕಾಣುತ್ತದೆ.

ಕಥೆ ಇಷ್ಟು. 1803ರಲ್ಲಿ ಕಾಣೆಯಾದ ವ್ಯಾಪಾರದ ಹಡಗೊಂದು 1807ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನೇ ತೇಲಿಬರುತ್ತದೆ. ಹೊರಟಾಗ ಅದರಲ್ಲಿದ್ದವರು 60 ಮಂದಿ; ಮರಳಿದಾಗ ನರಪಿಳ್ಳೆಯಿಲ್ಲ. ನಾವು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಛೇರಿಯ ತನಿಖಾಧಿಕಾರಿ. ವಿಮೆಯ ಲೆಕ್ಕಕ್ಕಾಗಿ ಹಡಗನ್ನೇರಿ, ಯಾರು ಏನಾದರೆಂದು ವರದಿ ಒಪ್ಪಿಸಬೇಕು. ಕೈಯಲ್ಲಿ ಒಂದು ಪುಸ್ತಕವುಂಟು. ಅದರಲ್ಲಿ ಎಲ್ಲರ ಹೆಸರು, ಹುದ್ದೆ, ದೇಶ ಬರೆದಿದೆ. ಎಲ್ಲರ ಮುಖಗಳಿರುವ ರೇಖಾಚಿತ್ರವೂ ಇದೆ. ಆದರೆ ಯಾವ ಹೆಸರು ಯಾವ ಮುಖದ್ದೆಂದು ಎಲ್ಲಿಯೂ ಬರೆದಿಲ್ಲ. ಇದರ ಜೊತೆಗೆ ಒಂದು ಮಾಯದ ಗಡಿಯಾರ. ಅದನ್ನು ಅಸ್ಥಿಯ ಮುಂದೆ ಹಿಡಿದರೆ, ಮೊದಲು ಕತ್ತಲಲ್ಲಿ ಆ ಮನುಷ್ಯನ ಕೊನೆಯ ಕ್ಷಣಗಳ ಸದ್ದು ಕೇಳುತ್ತದೆ. ಮರುಗಳಿಗೆ ಅವನ ಸಾವಿನ ನಿಮಿಷ ಕಲ್ಲಾಗಿ ನಿಂತಂತೆ ನಮ್ಮ ಸುತ್ತ ನಿಲ್ಲುತ್ತದೆ. ಅದರೊಳಗೆ ನಾವು ಓಡಾಡಬಹುದು, ಮುಖಗಳನ್ನು ನಿರುಕಿಸಬಹುದು, ಏನನ್ನೂ ಬದಲಿಸಲಾರೆವು. ಕಥೆಯ ಗುಟ್ಟನ್ನು ನಾನು ಇದಕ್ಕಿಂತ ಮುಂದೆ ಬಿಚ್ಚುವುದಿಲ್ಲ.

ಚಿತ್ರಗಳ ರೀತಿಯನ್ನು ಕುರಿತು ಒಂದು ಮಾತು. ತೆರೆಯ ಮೇಲಿನ ಪ್ರತಿಯೊಂದು ಚುಕ್ಕೆಯೂ ಒಂದೋ ಕಪ್ಪು, ಇಲ್ಲವೇ ಬಿಳುಪು. ನಡುವಣ ಬಣ್ಣವೇ ಇಲ್ಲ. ನೆರಳು ಬೇಕಾದಲ್ಲಿ ಚುಕ್ಕೆಗಳು ಒತ್ತಾಗುತ್ತವೆ, ಬೆಳಕು ಬೇಕಾದಲ್ಲಿ ವಿರಳವಾಗುತ್ತವೆ. ಹಳೆಯ ಮೆಕಿಂತಾಶ್ ಕಂಪ್ಯೂಟರಿನ ತೆರೆಯನ್ನು ಇದು ನೆನಪಿಗೆ ತರುತ್ತದೆ. ಪತ್ರಿಕೆಯ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದವರಿಗೂ ಈ ಚುಕ್ಕೆಗಳ ವಿದ್ಯೆ ಹೊಸದಲ್ಲ. ಈ ಮಿತಿ ಅಲಂಕಾರಕ್ಕಾಗಿ ಬಂದದ್ದಲ್ಲ. ರಕ್ತ ಕೆಂಪಾಗಿ ಕಾಣದಿರುವುದರಿಂದ ಭೀಭತ್ಸ ತಾನಾಗಿ ಹಿಂದೆ ಸರಿಯುತ್ತದೆ. ಮುಖವೊಂದನ್ನು ಗುರುತಿಸಬೇಕಾದರೆ ಕಣ್ಣು ದುಡಿಯಬೇಕಾಗುತ್ತದೆ. ದುಡಿದು ಕಂಡದ್ದು ಸುಲಭವಾಗಿ ಮರೆಯುವುದಿಲ್ಲ.

ಈ ದುಡಿಮೆಯೇ ಆಟದ ಸಾರ. ಒಬ್ಬನು ಮಲಗುವ ತೂಗುಹಾಸಿಗೆಗೆ ಕಟ್ಟಿದ ಸಂಖ್ಯೆ, ಒಬ್ಬನ ಮಾತಿನ ಧಾಟಿ, ಯಾರು ಯಾರ ಪಕ್ಕದಲ್ಲಿ ನಿಲ್ಲುತ್ತಾರೆಂಬುದು — ಇವೇ ಸಾಕ್ಷ್ಯ. ಪಾಯಿಮರ ಹತ್ತುವ ಚೀನೀ ನಾವಿಕರು ನಾಲ್ವರಿದ್ದಾರೆ. ಮೊದಲ ನೋಟಕ್ಕೆ ‘ಚೀನೀಯರು’ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ. ಆಟ ಒಪ್ಪುವುದಿಲ್ಲ, ನಾಲ್ವರಲ್ಲಿ ಯಾವನು ಯಾರೆಂದು ಹೇಳು ಎನ್ನುತ್ತದೆ. ಕೊನೆಗೆ ತೂಗುಹಾಸಿಗೆಯಿಂದ ಹೊರಗೆ ಚಾಚಿದ ಕಾಲನ್ನೂ ಅದರ ಪಾದರಕ್ಷೆಯನ್ನೂ ನೋಡಿ ಮನುಷ್ಯನನ್ನು ಗುರುತಿಸಬೇಕಾಗುತ್ತದೆ. ಇದನ್ನು ಬರಿಯ ಒಗಟೆನ್ನಲು ನನಗೆ ಮನಸ್ಸಾಗದು. ಗುಂಪಾಗಿ ಕಂಡವರನ್ನು ಒಬ್ಬೊಬ್ಬರಾಗಿ ಕಾಣುವಂತೆ ಮಾಡುವುದು ಒಳ್ಳೆಯ ಕಾದಂಬರಿಗೂ ಕಷ್ಟವಾದ ಕೆಲಸ.

ಈ ಮಾತಿನ ತೂಕ ನನಗೆ ತಿಳಿದದ್ದು ನನ್ನ ತಪ್ಪಿನಿಂದ. ಹಡಗಿನ ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ. ಇಂಗ್ಲಿಷರ ಹಡಗುಗಳಲ್ಲಿ ದುಡಿದ ನಮ್ಮ ಕಡೆಯ ನಾವಿಕರನ್ನು ಅವರು ‘ಲಾಸ್ಕರ್’ ಎನ್ನುತ್ತಿದ್ದರು. ದಂಡಿಗೆ ನಾವು ಹೇಳುವ ‘ಲಷ್ಕರು’ ಮತ್ತು ಈ ಮಾತು ಒಂದೇ ಫಾರಸೀ ಬೇರಿನವು. ಅವರಲ್ಲಿ ಇಬ್ಬರು ಪ್ರಯಾಣದ ಮೊದಲ ಭಾಗದಲ್ಲಿಯೇ ಕಾಯಿಲೆಯಿಂದ ತೀರಿಕೊಳ್ಳುತ್ತಾರೆ. ಕತ್ತಿಯಿಲ್ಲ, ಗುಂಡಿಲ್ಲ, ಕೊಂದವನಿಲ್ಲ. ನನ್ನ ಪತ್ತೇದಾರಿ ಬುದ್ಧಿಗೆ ಅಲ್ಲಿ ಮೇವು ಸಿಕ್ಕಲಿಲ್ಲ. ಉಳಿದ ಹೆಸರುಗಳನ್ನು ಉಳಿದ ಮುಖಗಳಿಗೆ ಅಂಟಿಸಿ, ತಪ್ಪಾದರೆ ಅದಲುಬದಲು ಮಾಡಿ, ಸರಿಯೆಂದು ಅಚ್ಚಾದೊಡನೆ ಮುಂದೆ ನಡೆದೆ. ಅದೇ ಹಡಗಿನ ಅಧಿಕಾರಿಗಳ ಜಗಳವೊಂದನ್ನು ಬಿಡಿಸಲು ಒಂದು ಸಂಜೆಯನ್ನೇ ಕಳೆದಿದ್ದೆ. ಕಂಪನಿಯ ಗುಮಾಸ್ತನ ವೇಷ ಹಾಕಿದವನು ಅವನ ಕಣ್ಣನ್ನೂ ಹಾಕಿಕೊಂಡಿದ್ದೆನೆಂದು ಆಮೇಲೆ ಹೊಳೆಯಿತು. ನಾಚಿಕೆಯಾಯಿತು. ಆ ಇಬ್ಬರಿಗಾಗಿಯೇ ಮತ್ತೆ ಹಿಂದಿರುಗಿ, ಅವರು ಕಾಣುವ ದೃಶ್ಯಗಳಲ್ಲಿ ಸಾವಕಾಶವಾಗಿ ನಿಂತು ನೋಡಿದೆ. ಲಾಭವೇನೂ ಇರಲಿಲ್ಲ, ಲೆಕ್ಕ ಆಗಲೇ ಮುಗಿದಿತ್ತು.

ಲೆಕ್ಕದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ಈ ಕಥೆಯ ಹಡಗು ಕಾಣೆಯಾಗುವುದು ಅದಾದ ನಾಲ್ಕು ವರ್ಷಕ್ಕೆ. ಆದುದರಿಂದ ಕಂಪನಿ ಎಂಬುದು ನಮಗೆ ಪರದೇಶದ ಕಥೆಯ ಹಿನ್ನೆಲೆ ಮಾತ್ರವಲ್ಲ. ಆಟದ ಕೊನೆಯಲ್ಲಿ ಕಂಪನಿ ನಮ್ಮ ವರದಿಯನ್ನು ಆಧರಿಸಿ ಸತ್ತವರ ಹಕ್ಕುದಾರರಿಗೆ ಪರಿಹಾರವನ್ನೋ ದಂಡವನ್ನೋ ವಿಧಿಸುತ್ತದೆ. ಇಷ್ಟು ಶ್ರಮಪಟ್ಟು ಹುಡುಕಿದ ಬಾಳುಗಳು ಖಾತೆಯ ಒಂದೊಂದು ಸಾಲಿಗೆ ಇಳಿದುಬಿಡುತ್ತವೆ. ಇದು ಕ್ರೂರವೆಂದು ಕೆಲವರು ಆಕ್ಷೇಪಿಸಬಹುದು. ಕರ್ತೃವಿನ ಉದ್ದೇಶವೂ ಇದೇ ಎಂದು ನನ್ನ ಎಣಿಕೆ. ಸತ್ತವರ ಹೆಸರನ್ನು ಉಳಿಸಿದ್ದೂ ಆ ಖಾತೆಪುಸ್ತಕವೇ, ಅವರನ್ನು ಹಣವಾಗಿ ಎಣಿಸಿದ್ದೂ ಅದೇ. ಬಡವರ ವಿಷಯದಲ್ಲಿ ಚರಿತ್ರೆ ಬಹಳ ಸಲ ನಮಗೆ ಬಿಟ್ಟುಹೋಗಿರುವುದು ಇಂಥ ಪುಸ್ತಕವನ್ನೇ. ಅದರ ಸಾಲುಗಳ ಹಿಂದೆ ಮುಖಗಳಿದ್ದುವೆಂದು ನೆನೆಯುವ ಹೊಣೆ ಓದುವವನದು.

ದೋಷಗಳಿಲ್ಲವೆಂದಲ್ಲ. ಮೂವರ ವಿವರ ಸರಿಯಾದಾಗಲೆಲ್ಲ ಆಟ ಅದನ್ನು ಅಚ್ಚು ಮಾಡಿ ಖಚಿತಪಡಿಸುತ್ತದೆ. ಕುರುಡು ಊಹೆಯನ್ನು ತಡೆಯಲು ಮಾಡಿದ ಏರ್ಪಾಡು ಇದು. ಆದರೂ ಇಬ್ಬರು ತಿಳಿದಿದ್ದರೆ ಮೂರನೆಯವನನ್ನು ಪರೀಕ್ಷಿಸಿ ನೋಡುವ ಚಪಲಕ್ಕೆ ಎಡೆಗೊಡುತ್ತದೆ. ನಾನು ಜಾರಿದ್ದು ಆ ಹಾದಿಯಲ್ಲಿಯೇ. ಕಥೆಯ ನಡುಭಾಗದಲ್ಲಿ ಕಡಲಿನ ಅದ್ಭುತಗಳು ಬಂದು, ಮನುಷ್ಯರ ಆಸೆಬುರುಕತನ ಹೊರಬೇಕಾದ ಹೊರೆಯನ್ನು ತಾವು ಹೊರುತ್ತವೆ. ದೃಶ್ಯ ರೋಚಕವಾಗುತ್ತದೆ, ಕಥೆ ಸ್ವಲ್ಪ ಹಗುರಾಗುತ್ತದೆ. ಮಾತಿನ ಧಾಟಿಯಿಂದ ಐರಿಷನನ್ನೂ ಸ್ಕಾಟನನ್ನೂ ಬೇರ್ಪಡಿಸುವುದು ನಮ್ಮಂಥವರ ಕಿವಿಗೆ ಸುಲಭವಲ್ಲ. ಅಲ್ಲಿ ಬೇರೆ ಸುಳಿವುಗಳನ್ನು ಅರಸಬೇಕಾಗುತ್ತದೆ.

ಇವೆಲ್ಲವನ್ನೂ ಕಳೆದ ಮೇಲೂ ಉಳಿಯುವುದು ದೊಡ್ಡದು. ಸಾವಿನ ಮುಂದೆ ಕಣ್ಣೀರು ತರಿಸುವ ಕೃತಿಗಳು ಬೇಕಾದಷ್ಟಿವೆ. ಇದು ಅಳಿಸುವುದಿಲ್ಲ, ನೋಡು ಎನ್ನುತ್ತದೆ, ಸರಿಯಾಗಿ ನೋಡಲಿಲ್ಲ, ಮತ್ತೆ ನೋಡು ಎನ್ನುತ್ತದೆ. ಆಟವನ್ನು ಮುಗಿಸಿ ದಿನಗಳು ಕಳೆದಿವೆ. ಕೊಂದವರಲ್ಲಿ ಕೆಲವರ ಹೆಸರು ಈಗಲೇ ಮರೆತಿದೆ. ತೂಗುಹಾಸಿಗೆಯಲ್ಲಿ ಸತ್ತ ಆ ಇಬ್ಬರ ಹೆಸರನ್ನು ಮಾತ್ರ ನಾನು ಪಟ್ಟಿಯನ್ನು ನೋಡದೆ ಹೇಳಬಲ್ಲೆ.