ಪಂಕ್ ಬೇಸಿನ ದನಿ ಎಲ್ಲಿಂದ ಬಂತು?

ಪಂಕ್ ಸಂಗೀತದ ಸಿಟ್ಟು, ಉಡುಗೆ, ರಾಜಕೀಯದ ಬಗ್ಗೆ ಧಾರಾಳವಾಗಿ ಬರೆಯುವವರೂ ಅದರ ಬೇಸ್ ಗಿಟಾರಿನ ನಾದದ ಮಾತು ಬಂದಾಗ ಎರಡು ಸಿದ್ಧ ಉತ್ತರಗಳಿಗೆ ತೃಪ್ತರಾಗುತ್ತಾರೆ. ನುಡಿಸಲು ಬಾರದವರ ಕೈಯಲ್ಲಿ ತಾನಾಗಿ ಹುಟ್ಟಿದ ಒರಟು ಸದ್ದು ಅದು ಎನ್ನುವುದು ಒಂದು ಉತ್ತರ. ಇನ್ನೊಂದು ವಾದ್ಯದಂಗಡಿಯ ಉತ್ತರ: ಫೆಂಡರ್ ಪ್ರಿಸಿಷನ್ ಬೇಸ್, ಆಂಪೆಗ್ ಎಸ್‌ವಿಟಿ ಆಂಪ್, ಜೊತೆಗೊಂದು ಡಿಸ್ಟಾರ್ಷನ್ ಪೆಡಲ್ ಇದ್ದರೆ ಕೆಲಸ ಆಯಿತು. ಎರಡರಲ್ಲೂ ಅರ್ಧ ಸತ್ಯವಿದೆ. ಆದರೆ 1970ರ ದಶಕದ ನ್ಯೂಯಾರ್ಕ್ ಮತ್ತು ಲಂಡನ್ ತಂಡಗಳ ಧ್ವನಿಮುದ್ರಿಕೆಗಳನ್ನು ಗಮನವಿಟ್ಟು ಕೇಳಿದರೆ ಬೇರೆಯೇ ಕಾರಣ ಕಾಣುತ್ತದೆ. ತಂಡದೊಳಗೆ ಬೇಸ್‌ಗೆ ಉಳಿದಿದ್ದ ಜಾಗವೇ ಬಹಳ ಇಕ್ಕಟ್ಟು. ಆ ಇಕ್ಕಟ್ಟಿನಲ್ಲಿ ಕೇಳಿಸಿಕೊಳ್ಳಲು ಬಲಗೈ ಕಲಿತ ಶಿಸ್ತೇ ಪಂಕ್ ಬೇಸಿನ ದನಿ.

1976ರ ಏಪ್ರಿಲ್‌ನಲ್ಲಿ ಬಂದ ರಮೋನ್ಸ್ ತಂಡದ ಮೊದಲ ಆಲ್ಬಂ ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿ ಗಿಟಾರ್ ಒಂದು ಬದಿಯ ಸ್ಪೀಕರಿನಲ್ಲಿ, ಡೀ ಡೀ ರಮೋನ್‌ನ ಬೇಸ್ ಇನ್ನೊಂದು ಬದಿಯಲ್ಲಿ ಕೇಳುತ್ತದೆ. ಹಾಗಾಗಿ ಗಿಟಾರಿನ ಬದಿಯನ್ನು ತಗ್ಗಿಸಿ ಬೇಸನ್ನು ಅದರಿಂದ ಬಿಡಿಸಿ ಆಲಿಸಬಹುದು. ಆಗ ಕಿವಿಗೆ ಮೊದಲು ಬೀಳುವುದು ಮಂದ್ರದ ಗುಂಗಿಗಿಂತ ಪಿಕ್ ತಂತಿಗೆ ತಾಗುವ ಟಕಟಕ ಸದ್ದು. ಇದರ ಹಿಂದೆ ಸರಳ ಲೆಕ್ಕವಿದೆ. ನಿಮಿಷಕ್ಕೆ 180 ಬಡಿತಗಳ ಹಾಡಿನಲ್ಲಿ ಬಡಿತಕ್ಕೆ ಎರಡರಂತೆ ನುಡಿಸಿದರೆ ಸೆಕೆಂಡಿಗೆ ಆರು ಪೆಟ್ಟು. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂದರೆ ಒಂದು ಸ್ವರ ಏಳು ಸಲ ಕಂಪಿಸುವಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದಿರುತ್ತದೆ. ಇಷ್ಟು ಕಡಿಮೆ ಅವಧಿಯಲ್ಲಿ ಮೂಲ ಸ್ವರವೊಂದನ್ನೇ ನೆಚ್ಚಿಕೊಂಡರೆ ಉಳಿಯುವುದು ಬರೀ ಗುಂಯ್ ಎನ್ನುವ ಮಬ್ಬು. ಸ್ವರದ ಅಂಚು ಸ್ಪಷ್ಟವಾಗಬೇಕಾದರೆ ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಕಂಪನಗಳು, ಅಂದರೆ ಹಾರ್ಮೋನಿಕ್ಸ್, ಎದ್ದು ಕೇಳಬೇಕು. ಗಟ್ಟಿ ಪಿಕ್, ಹೊಸ ರೌಂಡ್‌ವೌಂಡ್ (ಒರಟು ಸುತ್ತಿನ) ತಂತಿ, ಬ್ರಿಜ್ ಕಡೆಗೆ ಸರಿದ ಕೈ, ಆಂಪಿನಲ್ಲಿ ಏರಿಸಿದ ಮಿಡ್ (ನಡುಸ್ಥಾಯಿ), ಇವೆಲ್ಲ ಆ ಅಗತ್ಯದಿಂದಲೇ ಬಂದವು. ಪ್ರತಿ ಪೆಟ್ಟನ್ನೂ ಮೇಲಿನಿಂದ ಕೆಳಕ್ಕೇ ಹೊಡೆಯುವ ಪಟ್ಟಿಗೂ ಇದೇ ಕಾರಣ: ಕೆಳಗಿನಿಂದ ಮೇಲಕ್ಕೆ ಹೊಡೆದ ಪೆಟ್ಟು ಸಾಮಾನ್ಯವಾಗಿ ಹಗುರಾಗುತ್ತದೆ, ಸಾಲು ಏರುಪೇರಾಗುತ್ತದೆ.

ವಾದ್ಯವೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಪ್ರಿಸಿಷನ್ ಬೇಸ್ 1951ರಲ್ಲಿ ಮಾರುಕಟ್ಟೆಗೆ ಬಂತು, 1957ರಲ್ಲಿ ಅದಕ್ಕೆ ಎರಡು ತುಂಡಿನ ಪಿಕಪ್ ಸೇರಿತು. ಮಿಡ್ ದನಿಯನ್ನು ದಪ್ಪವಾಗಿ ಹಿಡಿಯುವ ಗುಣ ಅದಕ್ಕಿದೆ. 1969ರ ಎಸ್‌ವಿಟಿ 300 ವ್ಯಾಟ್‌ನ ಆಂಪ್. ಗಿಟಾರಿನ ಅಬ್ಬರದ ಎದುರು ಬೇಸನ್ನು ನಿಲ್ಲಿಸುವ ತಾಕತ್ತು ಅದಕ್ಕಿತ್ತು. ಆದರೆ ಇದೇ ಪ್ರಿಸಿಷನ್ ಬೇಸನ್ನು ಡೆಟ್ರಾಯಿಟಿನ ಮೋಟೌನ್ ಕಂಪನಿಯ ಜೇಮ್ಸ್ ಜೇಮರ್ಸನ್ ಕೂಡ ನುಡಿಸುತ್ತಿದ್ದರು. ಅವರು ಹಾಕುತ್ತಿದ್ದದ್ದು ಫ್ಲಾಟ್‌ವೌಂಡ್ (ನುಣುಪು ಸುತ್ತಿನ) ತಂತಿ, ಬ್ರಿಜ್ ಬಳಿ ಸದ್ದು ತಗ್ಗಿಸಲು ಸ್ಪಂಜು, ಮೀಟುತ್ತಿದ್ದದ್ದು ಒಂದೇ ತೋರುಬೆರಳಿನಿಂದ. ಫಲವಾಗಿ ಬಂದದ್ದು ದುಂಡನೆಯ, ಮೆತ್ತನೆಯ, ಹಾಡಿನಡಿ ಓಡಾಡುವ ನಾದ. ಒಂದೇ ಮಾದರಿಯ ಮರ, ಒಂದೇ ಮಾದರಿಯ ಪಿಕಪ್‌ನಿಂದ ಇಷ್ಟು ಬೇರೆಯಾದ ಎರಡು ಪರಂಪರೆಗಳು ಹುಟ್ಟಿದ ಮೇಲೆ, ಹೆಚ್ಚಿನ ಪಾಲು ತಂತಿಗೂ ಕೈಗೂ ಸಲ್ಲಬೇಕು.

ಇನ್ನು ‘ನುಡಿಸಲು ಬಾರದವರು’ ಎಂಬ ಆರೋಪ. ಕ್ಲ್ಯಾಶ್ ತಂಡದ ಪಾಲ್ ಸಿಮೋನನ್ ಆರಂಭದಲ್ಲಿ ಸ್ವರಗಳ ಹೆಸರನ್ನು ಬೇಸಿನ ಕತ್ತಿನ ಮೇಲೇ ಬರೆದುಕೊಂಡಿದ್ದು ನಿಜ. ಸೆಕ್ಸ್ ಪಿಸ್ಟಲ್ಸ್‌ನ ಸಿಡ್ ವಿಶಸ್‌ಗೆ ಬೇಸ್ ಒಲಿಯಲಿಲ್ಲ ಎಂಬುದೂ ನಿಜ. ಆದರೆ ಆ ತಂಡದ 1977ರ ಆಲ್ಬಂನಲ್ಲಿ ಬೇಸಿನ ಬಹುಪಾಲನ್ನು ನುಡಿಸಿದ್ದು ಗಿಟಾರ್ ವಾದಕ ಸ್ಟೀವ್ ಜೋನ್ಸ್. ಅಶಿಸ್ತೇ ಆ ದನಿಯ ಮೂಲವಾಗಿದ್ದರೆ ವಿಶಸ್‌ನನ್ನು ಬದಿಗಿಡಬೇಕಾದ ಕಾರಣವೇ ಇರಲಿಲ್ಲ. ವಾಷಿಂಗ್ಟನ್‌ನ ಬ್ಯಾಡ್ ಬ್ರೇನ್ಸ್ ತಂಡವಂತೂ ಜಾಝ್ ಫ್ಯೂಷನ್ ನುಡಿಸುತ್ತಲೇ ಪಂಕ್‌ಗೆ ಬಂದದ್ದು. ಡ್ಯಾರಿಲ್ ಜೆನಿಫರ್ ಅವರ ಬೇಸಿನಲ್ಲಿ ಆ ತಾಲೀಮು ಎದ್ದು ಕಾಣುತ್ತದೆ. ಪಂಕ್ ತಿರಸ್ಕರಿಸಿದ್ದು ಪಾಂಡಿತ್ಯದ ಪ್ರದರ್ಶನವನ್ನು. ಸೆಕೆಂಡಿಗೆ ಆರು ಪೆಟ್ಟುಗಳನ್ನು ಒಂದೇ ತೂಕದಲ್ಲಿ ಹೊಡೆಯುತ್ತಾ ಎರಡೂವರೆ ನಿಮಿಷ ಹಿಡಿದಿಡುವ ಕೌಶಲವನ್ನು ಅದು ಬಿಟ್ಟುಕೊಡಲಿಲ್ಲ.

ಹಾಗೆಂದು ಈ ಪರಂಪರೆಯನ್ನು ಕುರುಡಾಗಿ ಹೊಗಳಬೇಕಿಲ್ಲ. ಪೆಟ್ಟಿನ ಸಮತೂಕಕ್ಕೆ ಅದು ತೆತ್ತ ಬೆಲೆ ದೊಡ್ಡದು: ಏರಿಳಿತ ಹೋಯಿತು, ಸ್ವರಗಳ ನಡುವಿನ ಮೌನ ಹೋಯಿತು, ಬೇಸ್ ಎಷ್ಟೋ ಸಲ ಗಿಟಾರಿನ ನೆರಳಾಯಿತು. ಈ ಮಿತಿಯನ್ನು ಮೊದಲು ದಾಟಿದವರೂ ಅದೇ ಪೀಳಿಗೆಯವರೇ. ರೆಗೆ ಕೇಳುತ್ತಾ ಬೆಳೆದ ಸಿಮೋನನ್ 1979ರ ‘ಲಂಡನ್ ಕಾಲಿಂಗ್’ ಆಲ್ಬಂಗೆ ತಾವೇ ಬರೆದು ಹಾಡಿದ ‘ದ ಗನ್ಸ್ ಆಫ್ ಬ್ರಿಕ್ಸ್‌ಟನ್’ನಲ್ಲಿ ಮತ್ತೆ ಮಂದ್ರಕ್ಕಿಳಿದರು, ಸ್ವರಗಳ ನಡುವೆ ಖಾಲಿ ಜಾಗ ಬಿಟ್ಟರು. ಸ್ಟ್ರ್ಯಾಂಗ್ಲರ್ಸ್‌ನ ಜೀನ್-ಜಾಕ್ ಬರ್ನೆಲ್ 1977ರ ‘ಪೀಚಸ್’ನಲ್ಲಿ ಒಡಕು ದನಿಯ ಬೇಸಿನಿಂದಲೇ ಇಡೀ ಹಾಡನ್ನು ನಡೆಸಿದರು. ಪಂಕ್‌ನ ಬೆನ್ನಿಗೇ ಬಂದ ಮ್ಯಾಂಚೆಸ್ಟರಿನ ಜಾಯ್ ಡಿವಿಷನ್‌ನಲ್ಲಿ, ಗಿಟಾರಿನ ಗದ್ದಲದಲ್ಲಿ ತನ್ನ ಬೇಸ್ ತನಗೇ ಕೇಳದ ಪೀಟರ್ ಹುಕ್ ಬೇಸಿನ ಮೇಲಿನ ಸ್ವರಗಳಿಗೆ ಸರಿದು ರಾಗದ ಎಳೆಯನ್ನೇ ಬೇಸಿಗೆ ವಹಿಸಿದರು. ಮೂವರ ನಾದವೂ ಬೇರೆ ಬೇರೆ. ತಂಡದಲ್ಲಿ ಬೇಸಿನ ಜಾಗ ಎಲ್ಲಿ ಎಂಬ ಪ್ರಶ್ನೆ ಮಾತ್ರ ಮೂವರದೂ ಒಂದೇ.

ಹಾಗಿದ್ದರೆ ಇಂದಿನ ಪಂಕ್ ಬೇಸೆಲ್ಲ ಒಂದೇ ಥರ ಕೇಳುವುದೇಕೆ? ಮೊದಲ ಪೀಳಿಗೆ ಪ್ರಶ್ನೆಯೊಂದಕ್ಕೆ ಕಂಡುಕೊಂಡ ಉತ್ತರವನ್ನು ನಂತರದವರು ಪ್ರಶ್ನೆಯನ್ನು ಬಿಟ್ಟು ನಕಲು ಮಾಡಿದ್ದರಿಂದ. ಪೆಡಲಿನ ಒಂದು ಗುಂಡಿ ಒತ್ತಿದರೆ ಆ ಒರಟು ಸಿಗುತ್ತದೆ, ಆದರೆ ಅತಿಯಾದ ಡಿಸ್ಟಾರ್ಷನ್ ಪಿಕ್ಕಿನ ಪೆಟ್ಟನ್ನೇ ನುಂಗಿ, ಯಾವ ಅಂಚಿಗಾಗಿ ಇಷ್ಟೆಲ್ಲ ನಡೆಯಿತೋ ಅದನ್ನೇ ಅಳಿಸಿಹಾಕುತ್ತದೆ. ಆದ್ದರಿಂದ ಈ ದನಿಯನ್ನು ಅರಸುವವರು ಪೆಡಲಿಗೆ ದುಡ್ಡು ಸುರಿಯುವ ಮೊದಲು ಹಳೆಯ ತಂತಿ ಬದಲಿಸಲಿ, ಗಟ್ಟಿ ಪಿಕ್ ಹಿಡಿಯಲಿ, ತಮ್ಮ ತಂಡದ ಗಿಟಾರ್ ಎಲ್ಲಿ ಜಾಗ ಬಿಟ್ಟಿದೆ ಎಂದು ಕಿವಿಗೊಟ್ಟು ಕೇಳಲಿ. ಉಳಿದದ್ದು ಬಲಗೈ ಅಭ್ಯಾಸಕ್ಕೆ ಬಿಟ್ಟದ್ದು.